ಮಗಳಿಗೊಂದು ಪತ್ರ: ಬಿಳಿ ಹಾಯಿ

ಮುದ್ದು ಮಗಳೇ,

ನಿನ್ನೆ ಫೋನಿನಲ್ಲಿ ಗ್ರೀಕರ ವೀರ ಥೀಸಿಯಸ್‌ನ ಕಥೆ ಅರ್ಧಕ್ಕೇ ನಿಂತುಹೋಯಿತು. ಹಾಸ್ಟೆಲ್ಲಿನಲ್ಲಿ ಊಟದ ಗಂಟೆ ಹೊಡೆಯಿತು ಅಂತ ನೀನು ಓಡಿಬಿಟ್ಟೆ. ಓಡುವ ಮುಂಚೆ ಒಂದು ಪ್ರಶ್ನೆ ಕೇಳಿದ್ದೆ: "ಅಷ್ಟು ಶೂರನಿಗೆ ದಾರ ಯಾಕಮ್ಮಾ?" ರಾತ್ರಿಯೆಲ್ಲ ಅದೇ ತಲೆಯಲ್ಲಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲರೂ ಈ ಕಥೆಯನ್ನು ಮಿನೋಟಾರ್ ಅನ್ನುವ ರಾಕ್ಷಸನಿಂದ ಶುರು ಮಾಡುತ್ತಾರೆ. ನನಗೆ ಮಾತ್ರ ಮೊದಲು ನೆನಪಾಗುವುದು ಒಂದು ಬಂಡೆ. ಅಥೆನ್ಸಿನ ರಾಜ ಏಜಿಯಸ್ ಟ್ರೋಜೆನ್ ಊರು ಬಿಡುವಾಗ ತನ್ನ ಕತ್ತಿ, ಚಪ್ಪಲಿ ಎರಡನ್ನೂ ಅದರ ಕೆಳಗಿಟ್ಟ. ಮಗ ಹುಟ್ಟಿ, ಬೆಳೆದು, ಇದನ್ನು ಎತ್ತುವಷ್ಟಾದರೆ ಗುಟ್ಟಾಗಿ ನನ್ನ ಹತ್ತಿರ ಕಳಿಸು ಅಂತ ಥೀಸಿಯಸ್‌ನ ತಾಯಿ ಈಥ್ರಾಗೆ ಹೇಳಿಹೋದ. ಅಷ್ಟು ವರ್ಷ ಅವಳು ಬಾಯಿ ಬಿಡಲಿಲ್ಲ. ಹುಡುಗ ಬಂಡೆ ಎತ್ತಿದರೆ ಮನೆ ಬಿಟ್ಟು ಹೋಗುತ್ತಾನೆ ಅಂತ ಗೊತ್ತಿದ್ದೂ, ಅವಳೇ ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿದಳು. ನಿನ್ನನ್ನು ಹಾಸ್ಟೆಲ್ಲಿಗೆ ಬಿಟ್ಟು ಬಂದ ದಿನ ನನಗೆ ಈಥ್ರಾ ತುಂಬಾ ನೆನಪಾದಳು ಕಣೇ.

ಅವನು ಬಂಡೆ ಎತ್ತಿ ಹೊರಟಾಗ, ಸಮುದ್ರದ ದಾರಿಯಲ್ಲಿ ಹೋಗಪ್ಪ, ಅಪಾಯ ಕಡಿಮೆ ಅಂತ ತಾಯಿ, ತಾತ ಇಬ್ಬರೂ ಬೇಡಿಕೊಂಡರು. ಅವನು ಕಳ್ಳಕಾಕರಿದ್ದ ನೆಲದ ದಾರಿಯನ್ನೇ ಹಿಡಿದ. ದಾರಿಹೋಕರನ್ನು ತನ್ನ ಮಂಚದ ಅಳತೆಗೆ ಎಳೆದೋ ಕತ್ತರಿಸಿಯೋ ಸರಿ ಮಾಡುತ್ತಿದ್ದ ಪ್ರೊಕ್ರಸ್ಟಿಸ್ ಸಿಕ್ಕಿದ್ದು ಅಲ್ಲೇ. ಎಲ್ಲರನ್ನೂ ಸೋಲಿಸಿ ಥೀಸಿಯಸ್ ಅಥೆನ್ಸಿಗೆ ಬಂದ. ಕತ್ತಿ ನೋಡಿ ಅಪ್ಪ ಮಗನನ್ನು ಗುರುತು ಹಿಡಿದ.

ಆದರೆ ಊರಿಗೆ ಊರೇ ಅಳುತ್ತಿತ್ತು. ಕ್ರೀಟ್‌ನ ರಾಜ ಮಿನೋಸ್‌ನ ಮಗ ಅಥೆನ್ಸಿನ ಸೀಮೆಯಲ್ಲಿ ಸತ್ತಿದ್ದ. ಅದಕ್ಕೆ ದಂಡವಾಗಿ 7 ಹುಡುಗರು, 7 ಹುಡುಗಿಯರನ್ನು ಕಳಿಸಬೇಕಿತ್ತು. 9 ವರ್ಷಕ್ಕೊಮ್ಮೆ ಅಂತ ಹಳೆಯ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಅವರೆಲ್ಲ ಮನುಷ್ಯನ ಮೈ, ಗೂಳಿಯ ತಲೆಯ ಮಿನೋಟಾರ್‌ಗೆ ಆಹಾರ. ನಾನೂ ಹೋಗುತ್ತೇನೆ ಅಂತ ಥೀಸಿಯಸ್ ತಾನಾಗಿಯೇ ಮುಂದೆ ಬಂದ.

ಈಗ ನಿನ್ನ ದಾರಕ್ಕೆ ಬರುತ್ತೇನೆ. ಮಿನೋಟಾರ್‌ನನ್ನು ಇಟ್ಟಿದ್ದ ಲ್ಯಾಬಿರಿಂತ್ ಅನ್ನುವ ಚಕ್ರವ್ಯೂಹದಂಥ ಕಟ್ಟಡ ಕಟ್ಟಿದವನು ಡೀಡಲಸ್. ಒಳಗೆ ಹೋದವರಿಗೆ ತಿರುಗಿ ಬರುವ ದಾರಿಯೇ ಸಿಗದ ಹಾಗೆ ಕಟ್ಟಿದ್ದ. ನಮ್ಮ ಅಭಿಮನ್ಯುವಿನ ಕಥೆ ಗೊತ್ತಲ್ವಾ? ಶೌರ್ಯ ಅವನಿಗೇನು ಕಡಿಮೆಯಿತ್ತು! ಹೊರಗೆ ಬರುವುದು ಗೊತ್ತಿರಲಿಲ್ಲ, ಅಷ್ಟೇ. ಥೀಸಿಯಸ್‌ಗೆ ಅದನ್ನು ಹೇಳಿಕೊಟ್ಟವಳು ಮಿನೋಸ್‌ನ ಮಗಳು ಅರಿಯಾಡ್ನೆ. ಡೀಡಲಸ್‌ನನ್ನೇ ಕೇಳಿ ಉಪಾಯ ತಿಳಿದುಕೊಂಡಳು. ಒಂದು ದಾರದ ಉಂಡೆ ಕೊಟ್ಟಳು. ಅವನು ತುದಿಯನ್ನು ಬಾಗಿಲಿಗೆ ಕಟ್ಟಿ, ಉಂಡೆ ಬಿಚ್ಚುತ್ತಾ ಬಿಚ್ಚುತ್ತಾ ಒಳಗೆ ಹೋದ. ಕತ್ತಲಲ್ಲಿ ಮಿನೋಟಾರ್‌ನನ್ನು ಕೊಂದ. ಆಮೇಲೆ ಅದೇ ದಾರ ಹಿಡಿದು ಒಂದೊಂದೇ ತಿರುವು ದಾಟಿ ಬಂದ. ನಮ್ಮ ಹೊಲಿಗೆ ಮೆಷಿನ್ನಿನ ದಾರ ಎಷ್ಟು ತೆಳ್ಳಗಿದೆ ನೋಡಿದ್ದೀಯಲ್ಲ, ಅಂಥದ್ದೇ ಒಂದು ಎಳೆ ಬೆರಳಿನ ನಡುವೆ ಜಾರುತ್ತಿದ್ದಿರಬೇಕು ಅಂತ ನಾನು ಅಂದುಕೊಳ್ಳುತ್ತೇನೆ.

ಅವನಿಗಾಗಿ ಅಪ್ಪನ ಮನೆ ಬಿಟ್ಟು ಹಡಗು ಹತ್ತಿದ ಅರಿಯಾಡ್ನೆ ನ್ಯಾಕ್ಸೋಸ್ ದ್ವೀಪದಲ್ಲಿ ಒಂಟಿಯಾದಳು. ಅವಳು ನಿದ್ದೆಯಲ್ಲಿದ್ದಾಗಲೇ ಅವನು ಹಡಗು ಬಿಟ್ಟ ಅನ್ನುತ್ತಾರೆ. ದೇವರ ಅಪ್ಪಣೆಯಾಗಿತ್ತು ಅನ್ನುವವರೂ ಇದ್ದಾರೆ. ಯಾರು ಏನೇ ಹೇಳಲಿ, ಈ ಜಾಗದಲ್ಲಿ ನನಗೆ ಥೀಸಿಯಸ್ ಇಷ್ಟವಾಗುವುದಿಲ್ಲ. ಡಯೊನೈಸಸ್ ದೇವರು ಬಂದು ಅವಳನ್ನು ಮದುವೆಯಾದ ಅಂತ ಓದಿದಾಗಲೇ ನನಗೆ ಸಮಾಧಾನ.

ಹೊರಡುವಾಗ ಹಡಗಿಗೆ ಕಪ್ಪು ಹಾಯಿ ಕಟ್ಟಿದ್ದರು. ಬದುಕಿ ಬಂದರೆ ಬಿಳಿ ಹಾಯಿ ಏರಿಸಿ ಅಂತ ಏಜಿಯಸ್ ಬಿಳಿಯದನ್ನೂ ಕೊಟ್ಟು ಕಳಿಸಿದ್ದ. ಗೆದ್ದ ಖುಷಿಯಲ್ಲಿ ಎಲ್ಲರೂ ಮರೆತರು. ಆ ಮುದುಕ ಎತ್ತರದಲ್ಲಿ ನಿಂತು ಸಮುದ್ರ ನೋಡುತ್ತಲೇ ಇದ್ದ. ದೂರದಲ್ಲಿ ಮೊದಲು ಒಂದು ಚುಕ್ಕೆ, ಆಮೇಲೆ ಹಾಯಿ, ಆಮೇಲೆ ಅದರ ಬಣ್ಣ. ಅಲ್ಲಿಂದಲೇ ಹಾರಿಬಿಟ್ಟ. ಆ ಸಮುದ್ರಕ್ಕೆ ಈಜಿಯನ್ ಅನ್ನುವ ಹೆಸರು ಬಂದಿದ್ದು ಅವನಿಂದ ಅಂತ ಗ್ರೀಕರು ಹೇಳುತ್ತಿದ್ದರು. ಮಗ ಅದೇ ಹಡಗಿನಲ್ಲಿ ಕ್ಷೇಮವಾಗಿದ್ದ.

ಶನಿವಾರ ಬಸ್ಸು ಹತ್ತಿದ ಕೂಡಲೇ ಒಂದು ಮೆಸೇಜ್ ಹಾಕು ಪುಟ್ಟೀ. ಮರೀಬೇಡ.

ನಿನ್ನ
ಅಮ್ಮ