ಕ್ಯಾಮೆರಾ ನೋಡುವವರನ್ನು ನೋಡುವವರು ಯಾರು? ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರೇ,

ನಮಸ್ಕಾರ. ಆಸ್ಪತ್ರೆ, ಅಪಾರ್ಟ್‌ಮೆಂಟ್, ಅಂಗಡಿಗಳಿಗೆ ಸಿಸಿ ಕ್ಯಾಮೆರಾ ಹಾಕಿಕೊಡುವುದು ನನ್ನ ಕಸುಬು. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಲ್ಲಿ ಬೆಂಗಳೂರಿಗೆ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳು ಬಂದಿವೆ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಡುವ ಹೆಣ್ಣುಮಕ್ಕಳಿಗೆ ಅವು ಬೇಕೇ ಬೇಕು. ನಾನು ಕೇಳುತ್ತಿರುವುದು ಈ ಕ್ಯಾಮೆರಾಗಳ ದೃಶ್ಯ ನೋಡುವ ಪೊಲೀಸ್ ಕಮಾಂಡ್ ಸೆಂಟರ್‌ನಲ್ಲಿ ಪರದೆಯ ಮುಂದೆ ಕೂರುವವರ ಬಗ್ಗೆ. ಯಾರು, ಎಷ್ಟು ಹೊತ್ತಿಗೆ, ಯಾವ ಕ್ಯಾಮೆರಾ ತಿರುಗಿಸಿ ಯಾರ ಮೇಲೆ ಜೂಮ್ ಮಾಡಿದರು ಎಂಬುದು ದಾಖಲಾಗುತ್ತಿದೆಯೇ? ಆ ದಾಖಲೆಯನ್ನು ಯಾರಾದರೂ ತೆರೆದು ಓದುತ್ತಾರೆಯೇ?

2025ರ ಫೆಬ್ರವರಿಯಲ್ಲಿ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರಲ್ಲಿ ಮಹಿಳೆಯರ ತಪಾಸಣೆಯ ದೃಶ್ಯಗಳು ಸೋರಿ ಟೆಲಿಗ್ರಾಂನಲ್ಲಿ ಮಾರಾಟಕ್ಕಿದ್ದವು. ಅಲ್ಲಿ ಹ್ಯಾಕ್ ಮಾಡಿದವರು ಹೊರಗಿನವರು. ಒಳಗೇ ಕೂತವರಿಗೆ ಅಷ್ಟು ಕಷ್ಟವೂ ಬೇಕಿಲ್ಲ. ನಾನು ಹೋಗುವ ಎಷ್ಟೋ ಕಡೆ ಮೂರು ಪಾಳಿಗೂ ಒಂದೇ ಲಾಗಿನ್. ಕೆಲಸ ಬಿಟ್ಟು ಹೋದವರ ಮೊಬೈಲ್‌ನಲ್ಲೂ ಆ್ಯಪ್ ತೆರೆದುಕೊಳ್ಳುತ್ತಿರುತ್ತದೆ. ಫೂಟೇಜ್ ಹೊರಗೆ ಹೋದ ಮೇಲೆ ದಾಖಲೆ ತೆಗೆದರೆ ಸಿಗುವುದು ‘ಅಡ್ಮಿನ್’ ಎಂಬ ಹೆಸರೊಂದೇ. ಆಗ ತಪ್ಪು ಮಾಡದ ಆಪರೇಟರ್ ಕೂಡ ಅನುಮಾನದಿಂದ ಪಾರಾಗಲಾರ.

ಆದ್ದರಿಂದ ಪ್ರತಿ ಸಿಬ್ಬಂದಿಗೂ ಸ್ವಂತ ಲಾಗಿನ್ ಇರಲಿ, ವರ್ಗಾವಣೆಯಾದ ದಿನವೇ ಅದು ಮುಚ್ಚಲಿ. ಗುತ್ತಿಗೆ ಕಂಪನಿಯ ಎಂಜಿನಿಯರ್‌ಗಳಿಗೂ ಇದೇ ನಿಯಮ. ಲೈವ್ ನೋಡುವವರೆಲ್ಲರಿಗೂ ಹಳೆಯ ಫೂಟೇಜ್ ತೆಗೆಯುವ ಅಧಿಕಾರ ಬೇಡ. ನಕಲು ಬೇಕಾದರೆ ಪ್ರಕರಣದ ಸಂಖ್ಯೆ ಬರೆದು ಮೇಲಧಿಕಾರಿಯ ಒಪ್ಪಿಗೆ ಪಡೆಯಲಿ.

ಇಷ್ಟಾದರೂ ಒಂದು ದಾರಿ ಉಳಿಯುತ್ತದೆ, ಸೋರಿಕೆಗೆ ಅತಿ ಸುಲಭದ ದಾರಿಯೂ ಅದೇ. ಪರದೆಯನ್ನು ಸ್ವಂತ ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಂಡರೆ ಯಾವ ಲಾಗ್‌ನಲ್ಲೂ, ಅಂದರೆ ಬಳಕೆಯ ದಾಖಲೆಯಲ್ಲೂ, ಅದರ ಗುರುತು ಸಿಗುವುದಿಲ್ಲ. ಬಾಗಿಲಲ್ಲೇ ಮೊಬೈಲ್ ಇರಿಸಿಕೊಳ್ಳಬೇಕು. ನೋಡುತ್ತಿರುವವರ ಗುರುತಿನ ಸಂಖ್ಯೆ, ಸಮಯ ಪರದೆಯ ಮೇಲೆ ಸದಾ ತೆಳುವಾಗಿ ಮೂಡಿರಬೇಕು. ಈ ಸೌಲಭ್ಯ ಈಗಿನ ಅನೇಕ ಸಾಫ್ಟ್‌ವೇರ್‌ಗಳಲ್ಲಿ ಇದೆ. ಲಾಗ್ ಅಳಿಸುವ ಅಧಿಕಾರ ಕಂಟ್ರೋಲ್ ರೂಮ್‌ನ ಯಾರ ಕೈಯಲ್ಲೂ ಇರಕೂಡದು.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ನಮ್ಮದೇ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಆ ಹಕ್ಕು ಕಮಾಂಡ್ ಸೆಂಟರ್‌ನ ಒಳಗೂ ನಡೆಯಬೇಕು.

ವರ್ಷಕ್ಕೆ ಎಷ್ಟು ಬಾರಿ ಫೂಟೇಜ್ ಹೊರತೆಗೆಯಲಾಯಿತು, ಎಷ್ಟು ಕೋರಿಕೆ ತಿರಸ್ಕೃತವಾದವು, ದುರ್ಬಳಕೆಗಾಗಿ ಎಷ್ಟು ಮಂದಿಯ ಮೇಲೆ ಕ್ರಮವಾಯಿತು ಎಂಬ ವರದಿಯನ್ನು ಇಲಾಖೆಯ ಹೊರಗಿನವರಿಂದ ಪರಿಶೀಲನೆ ಮಾಡಿಸಿ ಸದನದ ಮುಂದಿಡಿ ಎಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಸಿಸಿ ಕ್ಯಾಮೆರಾ ತಂತ್ರಜ್ಞ