ಅಂಕದ ಪರದೆ ಏಳುವ ಹೊತ್ತನ್ನೂ ಅಚ್ಚು ಮಾಡಿ

ಸಂಪಾದಕರಿಗೆ,

ಮುಂಬಯಿಯ ಕನ್ನಡ ನಾಟಕ, ಯಕ್ಷಗಾನಗಳ ಪ್ರಕಟಣೆಗೆ ನೀವು ಜಾಗ ಕೊಡುತ್ತಿರುವುದು ಒಳ್ಳೆಯದೇ. ಆದರೆ ‘ಸಂಜೆ 5ಕ್ಕೆ, ಮಾಟುಂಗಾ’ ಎಂದಷ್ಟೇ ಬರೆದರೆ ಡೊಂಬಿವಲಿಯವರಿಗೋ ವಿರಾರ್‌ನವರಿಗೋ ಏನೂ ತಿಳಿಯುವುದಿಲ್ಲ. 5ಕ್ಕೆ ಶುರುವಾಗುವುದು ಸಭಾ ಕಾರ್ಯಕ್ರಮ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಅತಿಥಿಗಳ ‘ಎರಡು ಮಾತು’, ವಂದನಾರ್ಪಣೆ ಎಲ್ಲ ಮುಗಿದು ನಾಟಕ ಶುರುವಾಗುವಾಗ ಏಳು ದಾಟಿರುತ್ತದೆ. ಕೊನೆಯ ದೃಶ್ಯದ ಹೊತ್ತಿಗೆ ಹಿಂದಿನ ಸಾಲುಗಳಲ್ಲಿ ಮೊಬೈಲ್ ಬೆಳಕು: ಎಂ-ಇಂಡಿಕೇಟರ್‌ನಲ್ಲಿ ಗಾಡಿ ಹುಡುಕುವವರು. ಲೋಕಲ್ ಮಧ್ಯರಾತ್ರಿವರೆಗೂ ಇದೆ, ನಿಜ. ಇಳಿದ ಮೇಲೆ ಶೇರ್ ರಿಕ್ಷಾ ಸಿಗಬೇಕಲ್ಲ?

ತಡವಾಗುವುದು ಭಾಷಣದಿಂದ ಮಾತ್ರವೂ ಅಲ್ಲ. ಸಭೆ ಮುಗಿದ ಮೇಲೆ ಕುರ್ಚಿ, ಮೇಜು, ಬ್ಯಾನರ್ ತೆಗೆದು ರಂಗಸಜ್ಜಿಕೆ ನಿಲ್ಲಿಸಬೇಕು, ಭಾಷಣದ ಮೈಕ್ ಬದಲಿಸಬೇಕು, ದೀಪಗಳನ್ನು ಮತ್ತೆ ತಿರುಗಿಸಬೇಕು. ಸಜ್ಜಿಕೆಯನ್ನು ಮೊದಲೇ ನಿಲ್ಲಿಸಿ, ಮುಂಪರದೆಯ ಎದುರಿಗೆ ಐದಾರು ಕುರ್ಚಿ ಹಾಕಿ ಸಭೆ ನಡೆಸಿದರೆ ಈ ಕೆಲಸವೇ ಇರುವುದಿಲ್ಲ. ಸನ್ಮಾನವನ್ನು ನಾಟಕದ ನಂತರ ಇಟ್ಟುಕೊಳ್ಳಿ ಎನ್ನಬಹುದು. ಆಗ ಚಪ್ಪಾಳೆಗೆ ಜನ ಉಳಿಯುವುದಿಲ್ಲ ಎಂಬುದು ಸಂಘಟಕರಿಗೂ ಗೊತ್ತು. ಇದೇ ಊರಿನ ಮರಾಠಿ ರಂಗಭೂಮಿಯಲ್ಲಿ ಮೂರನೆಯ ಗಂಟೆ ಬಾರಿಸಿತೆಂದರೆ ನಾಟಕ ಶುರು. ಜುಹೂವಿನ ಪೃಥ್ವಿ ಥಿಯೇಟರಿನಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದೇ ಇಲ್ಲ.

ಹೊತ್ತು ಖಚಿತವಿದ್ದರೆ ಭಾನುವಾರದ ತಿರುಗಾಟವನ್ನೂ ನಾಟಕವನ್ನೂ ಒಂದೇ ದಿನ ಮುಗಿಸಬಹುದು. ಬೆಳಿಗ್ಗೆ ಗೇಟ್‌ವೇಯಿಂದ ದೋಣಿ ಹತ್ತಿದರೆ ಎಲಿಫೆಂಟಾಗೆ ಸುಮಾರು ಒಂದು ಗಂಟೆ. ಅಲ್ಲಿಂದ ಮೇಲೆ 120ರಷ್ಟು ಮೆಟ್ಟಿಲು. ಐಹೊಳೆ ಶಾಸನದಲ್ಲಿ ಇಮ್ಮಡಿ ಪುಲಕೇಶಿ ಗೆದ್ದನೆಂದಿರುವ ಪುರಿ ಇದೇ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪ, ಎನ್ನುವ ವಿದ್ವಾಂಸರಿದ್ದಾರೆ, ತ್ರಿಮೂರ್ತಿಯ ಮುಂದೆ ನಿಂತಾಗ ನೆನಪಿರಲಿ. ಮಧ್ಯಾಹ್ನ ಎರಡರೊಳಗೆ ಗೇಟ್‌ವೇಗೆ ಮರಳಿದರೆ ಕಾಲಾ ಘೋಡಾದ ವಸ್ತುಸಂಗ್ರಹಾಲಯಕ್ಕೂ ಸಮಯ ಉಳಿಯುತ್ತದೆ.

ಎಡವಟ್ಟಾಗುವುದು ಅಲ್ಲಿಂದ ಮಾಟುಂಗಾಗೆ ಹೊರಟಾಗ. ಭಾನುವಾರ ಮಧ್ಯ ರೈಲ್ವೆಯ ಮೆಗಾ ಬ್ಲಾಕ್ (ಹಳಿ ದುರಸ್ತಿಗೆ ಗಾಡಿ ತಡೆಯುವುದು) ಸಾಮಾನ್ಯವಾಗಿ ಹನ್ನೊಂದರ ಸುಮಾರಿಗೆ ಶುರುವಾಗಿ ನಾಲ್ಕರ ಹತ್ತಿರ ಮುಗಿಯುತ್ತದೆ; ಮುಗಿದರೂ ಗಾಡಿಗಳು ಕೂಡಲೇ ಹಳಿಗೆ ಬರುವುದಿಲ್ಲ. ಸ್ಲೋ ಗಾಡಿಗಳನ್ನು ಫಾಸ್ಟ್ ಹಳಿಗೆ ಹಾಕಿದಾಗ ಕೆಲವು ನಿಲ್ದಾಣಗಳು ತಪ್ಪುತ್ತವೆ. ಹಾಗಿದ್ದ ದಿನ ಚರ್ಚ್‌ಗೇಟ್‌ನಿಂದ ಸ್ಲೋ ಹಿಡಿದು ಮಾಟುಂಗಾ ರೋಡ್‌ನಲ್ಲಿ ಇಳಿಯಿರಿ, ಝಡ್ ಬ್ರಿಜ್ ದಾಟಿದರೆ ಪೂರ್ವದ ಕಡೆ ಬರುತ್ತೀರಿ. ಹೊಸಬರು ತಪ್ಪುವುದು ಇಲ್ಲೇ: ಮೈಸೂರು ಅಸೋಸಿಯೇಷನ್ ಇರುವುದು ಪೂರ್ವದಲ್ಲಿ, ಭಾವೂ ದಾಜಿ ರಸ್ತೆಯಲ್ಲಿ, ಕರ್ನಾಟಕ ಸಂಘ ಪಶ್ಚಿಮದಲ್ಲಿ. ಪ್ರಕಟಣೆಯಲ್ಲಿ ಎರಡೂ ‘ಮಾಟುಂಗಾ’!

ಬೊರಿವಲಿಯ ಕಡೆಯವರು ಕಾನ್ಹೇರಿ ಗುಹೆಗಳನ್ನು ನೋಡಿ ಸಂಜೆ ಪೃಥ್ವಿಗೆ ಬರಬಹುದು. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟಿನಿಂದ ಗುಹೆಗಳು ಕೆಲವು ಕಿಲೋಮೀಟರ್ ಒಳಗಿವೆ, ವಾಪಸು ಬರುವ ಬಸ್ಸಿನ ಹೊತ್ತು ಮೊದಲೇ ಕೇಳಿಕೊಳ್ಳಿ. ಕವಿರಾಜಮಾರ್ಗದ ಕಾಲದ ಅಮೋಘವರ್ಷ ನೃಪತುಂಗನ ಹೆಸರಿರುವ 9ನೆಯ ಶತಮಾನದ ಶಾಸನಗಳು ಅಲ್ಲಿವೆ. ಕನ್ನಡಿಗರೇ ನೋಡದೆ ಬರುತ್ತಾರೆ. ರಜೆ ಹಾಕಿ ಹೋಗುವವರಿಗೆ: ಎಲಿಫೆಂಟಾ, ಕಾನ್ಹೇರಿ ಎರಡಕ್ಕೂ ಸೋಮವಾರ ರಜೆ, ಬೈಕಲಾದ ಭಾವೂ ದಾಜಿ ಲಾಡ್ ಸಂಗ್ರಹಾಲಯಕ್ಕೆ ಬುಧವಾರ.

ಮಳೆಗಾಲದ ಲೆಕ್ಕ ಬೇರೆ. ಮೇ ಕೊನೆಯ ಹೊತ್ತಿಗೆ, ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಊರಿನ ಯಕ್ಷಗಾನ ಕಲಾವಿದರು ಇಲ್ಲಿಗೆ ಬರುವ ಕಾಲ ಅದು. ಸಮುದ್ರ ಕೆರಳಿದರೆ ದೋಣಿ ಇಲ್ಲ, ಭರತದ (ಉಬ್ಬರದ) ಹೊತ್ತಿಗೆ ಜೋರು ಮಳೆ ಸೇರಿದರೆ ಸಾಯನ್-ಕುರ್ಲಾ ನಡುವೆ ಹಳಿ ಮುಳುಗುತ್ತದೆ. ಆ ತಿಂಗಳುಗಳಲ್ಲಿ ಸಂಗ್ರಹಾಲಯವೇ ವಾಸಿ.

ನಮ್ಮ ಕೋರಿಕೆ ಒಂದು ಸಾಲಿನದು. ಪ್ರಕಟಣೆ ಹೀಗಿರಲಿ: ‘ಸಭೆ 5ಕ್ಕೆ, ನಾಟಕ 6.15ಕ್ಕೆ, ಅವಧಿ 1 ಗಂಟೆ 50 ನಿಮಿಷ, ಮಧ್ಯಂತರವಿಲ್ಲ, ಮಾಟುಂಗಾ ಪೂರ್ವ.’ ಯಕ್ಷಗಾನದ ಆಟವಾದರೆ ಕೆಲವೇ ಗಂಟೆಗಳ ಕಾಲಮಿತಿ ಪ್ರಯೋಗವೋ ಅಲ್ಲವೋ ಎಂಬುದೂ ಬೇಕು. ಸಂಘದವರು ಬರೆದುಕೊಡದಿದ್ದರೆ ನಿಮ್ಮ ಕಚೇರಿಯಿಂದ ಒಂದು ಫೋನ್ ಮಾಡಿ ಕೇಳಿ. ಉತ್ತರ ಕೊಡಲಾದರೂ ಅವರು ಒಂದು ಹೊತ್ತು ನಿಗದಿ ಮಾಡಬೇಕಾಗುತ್ತದೆ.

– ಕೆಲವು ಹವ್ಯಾಸಿ ರಂಗಾಸಕ್ತರು, ಮುಂಬಯಿ