ಮೊದಲು ಮಣ್ಣಿನ ಪರೀಕ್ಷೆ, ಆಮೇಲೆ ಗುದ್ದಲಿ ಪೂಜೆ

ಮಾನ್ಯ ಸಂಪಾದಕರೇ,

ಚಿಕ್ಕಮಗಳೂರಿನ ಹೊರವಲಯದಲ್ಲಿ ವರ್ಷಗಳಿಂದ ಬೀಗ ಬಿದ್ದಿರುವ ಮರ ಸಂಸ್ಕರಣಾ ಘಟಕದ ಜಾಗದಲ್ಲಿ ಸಮುದಾಯ ಭವನ ಮತ್ತು ಮಕ್ಕಳ ಉದ್ಯಾನ ಕಟ್ಟುವ ಮಾತು ನಡೆದಿದೆ. ನಮ್ಮ ಬಡಾವಣೆಗೆ ಎರಡೂ ಬೇಕು. ಛತ್ರದ ಬಾಡಿಗೆ ಕಟ್ಟಿ ಕಟ್ಟಿ ಜನ ಸೋತಿದ್ದಾರೆ, ಮಕ್ಕಳು ರಸ್ತೆಯಲ್ಲೇ ಆಡುತ್ತಿದ್ದಾರೆ. ಆದರೆ ಆ ಮಣ್ಣಿನಲ್ಲಿ ಏನಿದೆ ಎಂದು ಪರೀಕ್ಷಿಸದೆ ಗುದ್ದಲಿ ಪೂಜೆಗೆ ಮುಹೂರ್ತ ಇಡಬಾರದು. ನಾನು ಆ ಘಟಕದಲ್ಲೇ ಪ್ರಾಯ ಸವೆಸಿದವನು. ಅಲ್ಲಿಯ ನೆಲ ಏನನ್ನು ಕುಡಿಯಿತು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ವಿದ್ಯುತ್ ಲೈನಿಗೆ ಹೋಗಬೇಕಾದ ಮರದ ಕಂಬಗಳನ್ನು ಟ್ರಾಲಿಯಲ್ಲಿ ಪೇರಿಸಿ, ಉದ್ದನೆಯ ಕಬ್ಬಿಣದ ಸಿಲಿಂಡರಿನೊಳಗೆ ನೂಕಿ, ಬಾಗಿಲಿಗೆ ಬೋಲ್ಟ್ ಬಿಗಿದು, ಒಳಗಿನ ಗಾಳಿ ಎಳೆದು, ಮರ ಕೆಡದಂತೆ ಕಾಯುವ ಔಷಧವನ್ನು ಒತ್ತಡದಲ್ಲಿ ತುಂಬುತ್ತಿದ್ದೆವು. ಬಾಗಿಲು ತೆರೆದರೆ ಕಂಬಗಳ ಮೈಯಿಂದ ಹಸಿರು ನೀರು ತೊಟ್ಟಿಕ್ಕುತ್ತಿತ್ತು. ಹಾಗೆಯೇ ತಂದು ಬರಿ ನೆಲದ ಮೇಲೆ ಅಟ್ಟಿ ಹಾಕಿ ಒಣಗಿಸುವುದು. ಸಿಮೆಂಟಿನ ನೆಲ ಇರಲಿಲ್ಲ, ಸೋರಿದ್ದನ್ನು ಹಿಡಿಯಲು ತೊಟ್ಟಿಯೂ ಇರಲಿಲ್ಲ. ಮಳೆ ಹಿಡಿದರೆ ಅಂಗಳದ ನೀರೆಲ್ಲ ಹಿಂಬದಿಯ ಹಳ್ಳಕ್ಕೆ, ಅಲ್ಲಿಂದ ಯಗಚಿ ನದಿಯ ಕಡೆಗೆ ಹರಿಯುತ್ತಿತ್ತು.

‘ಅದು ಮೈಲುತುತ್ತ ತಾನೆ? ಅಡಿಕೆಗೂ ಕಾಫಿಗೂ ಬೋರ್ಡೋ ಹೊಡೆಯುವುದಿಲ್ಲವೇ’ ಎಂದು ಈಗಲೂ ಹಲವರು ಕೇಳುತ್ತಾರೆ. ಅಲ್ಲ. ಬೋರ್ಡೋ ದ್ರಾವಣದಲ್ಲಿರುವುದು ತಾಮ್ರದ ಲವಣವಾದ ಮೈಲುತುತ್ತ ಮತ್ತು ಸುಣ್ಣ. ಕಂಬದ ಔಷಧದಲ್ಲಿ ತಾಮ್ರದ ಜೊತೆಗೆ ಕ್ರೋಮಿಯಂ ಇತ್ತು, ಆರ್ಸೆನಿಕ್ ಇತ್ತು. ಆರ್ಸೆನಿಕ್ ಎಂದರೆ ಪಾಷಾಣ. ಈ ಮಿಶ್ರಣವನ್ನು 1933ರಲ್ಲಿ ಕಂಡುಹಿಡಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ನಮ್ಮ ದೇಶದವರೇ ಆದ ಸೋಂಟಿ ಕಾಮೇಶಂ. ಗೆದ್ದಲು ಹತ್ತದಂತೆ, ಮರ ಕೊಳೆಯದಂತೆ ಅದು ಕಾಯುತ್ತದೆ. ಜಗತ್ತೆಲ್ಲ ಅದನ್ನು ಬಳಸಿತು. ಮರದೊಳಗೆ ಇರಬೇಕಾದದ್ದನ್ನು ನೆಲಕ್ಕೆ ಸೋರಲು ಬಿಟ್ಟದ್ದೇ ತಪ್ಪು. ಆರ್ಸೆನಿಕ್ ಮೂಲಧಾತು. ವರ್ಷ ಎಷ್ಟೇ ಕಳೆದರೂ ಅದು ಕೊಳೆತು ಇಲ್ಲವಾಗುವುದಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ದೀರ್ಘಕಾಲ ದೇಹ ಸೇರಿದರೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರಿಗೆ ದಾರಿಯಾಗುತ್ತದೆ. ಜಾರುಬಂಡೆಯ ಬುಡದಲ್ಲಿ ಮಣ್ಣಾಡಿದ ಮಗು ಅದೇ ಕೈಯನ್ನು ಬಾಯಿಗಿಡುತ್ತದೆ.

ಘಟಕ ಮುಚ್ಚಿದ ಮೇಲೆ ಉಳಿದ ತುಂಡು ಕಂಬಗಳನ್ನು ಎಷ್ಟೋ ಮನೆಯವರು ಬಚ್ಚಲ ಒಲೆಗೆ ಒಯ್ದರು. ಯಾರ ಹಿತ್ತಲಲ್ಲಾದರೂ ಹಸಿರು ಛಾಯೆಯ ಆ ಮರ ಇನ್ನೂ ಇದ್ದರೆ ದಯವಿಟ್ಟು ಸುಡಬೇಡಿ. ಹೊಗೆಯಲ್ಲೂ ಬೂದಿಯಲ್ಲೂ ಪಾಷಾಣ ಇರುತ್ತದೆ. ಆ ಬೂದಿಯನ್ನು ಸೊಪ್ಪಿನ ಮಡಿಗೆ ಹಾಕುವುದಂತೂ ಬೇಡವೇ ಬೇಡ.

ಎರಡಡಿ ಕೆಂಪು ಮಣ್ಣು ಹೊಡೆಸಿದರೆ ಸಾಕು ಎಂಬ ಸಲಹೆಯೂ ಕೇಳಿಬಂದಿದೆ. ಭವನದ ಪಾಯ ತೆಗೆಯುವಾಗ ಕೆಳಗಿನ ಮಣ್ಣು ಮೇಲೆ ಬರುವುದಿಲ್ಲವೇ? ಹಾಗೆ ಎತ್ತಿದ ಮಣ್ಣನ್ನು ಲಾರಿಯವರು ಯಾವ ಕೆರೆಯ ದಂಡೆಗೆ ಸುರಿಯುತ್ತಾರೆ? ಇನ್ನೊಂದು ಸಂಗತಿ ಉದ್ಯಾನದವರಿಗೆ ಗೊತ್ತಿರಬೇಕು. ನಮ್ಮ ಕೆಂಪು ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಆರ್ಸೆನಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೂಗಿಡಗಳಿಗೆಂದು ಡಿಎಪಿ, ಸೂಪರ್ ಫಾಸ್ಫೇಟ್ ಗೊಬ್ಬರ ಹಾಕುತ್ತಾ ಹೋದರೆ ಅವುಗಳಲ್ಲಿರುವ ರಂಜಕ ಆ ಜಾಗವನ್ನು ಆಕ್ರಮಿಸಿ ಆರ್ಸೆನಿಕ್ಕನ್ನು ಸಡಿಲಿಸುತ್ತದೆ. ಸಡಿಲಗೊಂಡದ್ದು ನೀರಿನೊಂದಿಗೆ ಇಳಿಯುತ್ತದೆ.

ಹಾಗೆಂದು ಇಡೀ ಜಾಗವೇ ಕೆಟ್ಟಿದೆ ಎಂದು ನಾನು ಹೇಳುತ್ತಿಲ್ಲ. ಮಣ್ಣು ಹಿಡಿದಿಟ್ಟುಕೊಳ್ಳುವ ಕಾರಣದಿಂದಲೇ ವಿಷದ ಬಹುಪಾಲು ಸಿಲಿಂಡರಿನ ಸುತ್ತ, ಕಂಬ ಒಣಗಿಸುತ್ತಿದ್ದ ಅಂಗಳದ ಮೇಲ್ಪದರದಲ್ಲಿ ಇರುವ ಸಾಧ್ಯತೆಯೇ ಹೆಚ್ಚು. ಚೌಕ ಚೌಕವಾಗಿ, ಬೇರೆ ಬೇರೆ ಆಳದಲ್ಲಿ ಮಾದರಿ ತೆಗೆದರೆ ಎಷ್ಟು ಮಣ್ಣು ಅಗೆಯಬೇಕು ಎಂಬುದು ತಿಳಿಯುತ್ತದೆ, ಖರ್ಚೂ ಹಿಡಿತದಲ್ಲಿರುತ್ತದೆ. ಅಗೆದದ್ದು ಅಪಾಯಕಾರಿ ತ್ಯಾಜ್ಯದ ಅಧಿಕೃತ ಘಟಕಕ್ಕೇ ಹೋಗಬೇಕು. ಅಂಚಿನ ತೆಳು ಪದರಕ್ಕೆ ಜರಿಗಿಡವನ್ನೂ ಯೋಚಿಸಬಹುದು. ಹಳೆಯ ಗೋಡೆಗಳ ಸಂದಿಯಲ್ಲೂ ಬೆಳೆಯುವ ಟೆರಿಸ್ ವಿಟ್ಟಾಟ ಎಂಬ ಜರಿ ಮಣ್ಣಿನ ಆರ್ಸೆನಿಕ್ಕನ್ನು ಎಲೆಗೆ ಎಳೆದುಕೊಳ್ಳುತ್ತದೆ ಎಂದು 2001ರಲ್ಲಿ ವರದಿಯಾಯಿತು. ಅದನ್ನು ಗುರುತಿಸಿದ್ದು ಅಮೆರಿಕದ ಫ್ಲಾರಿಡಾದಲ್ಲಿ, ಇದೇ ಔಷಧದಿಂದ ಕೆಟ್ಟಿದ್ದ ಜಾಗದಲ್ಲಿ. ಆದರೆ ಅದಕ್ಕೆ ವರ್ಷಗಳು ಹಿಡಿಯುತ್ತವೆ, ಕೊಯ್ದ ಎಲೆಯನ್ನೂ ವಿಷವೆಂದೇ ವಿಲೇವಾರಿ ಮಾಡಬೇಕು.

ಕಾನೂನಿನ ಬಲವೂ ಈಗ ಇದೆ. ಕಲುಷಿತ ಜಾಗಗಳ ನಿರ್ವಹಣೆಗೆಂದೇ ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈನಲ್ಲಿ ನಿಯಮಗಳನ್ನು ಹೊರಡಿಸಿದೆ. ಅನುಮಾನವಿರುವ ಜಾಗವನ್ನು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಗುರುತಿಸಿದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪರಿಶೀಲಿಸಬೇಕು. ಶುದ್ಧೀಕರಣದ ಖರ್ಚು ಕೆಡಿಸಿದವರದ್ದು. ಈ ಜಾಗವನ್ನೂ ಅನುಮಾನವಿರುವ ಜಾಗಗಳ ಪಟ್ಟಿಗೆ ಸೇರಿಸಿ, ಸುತ್ತಲಿನ ಬಾವಿ, ಕೊಳವೆಬಾವಿಗಳ ನೀರನ್ನೂ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಗೇಟಿನ ಮುಂದೆ ಹಾಕಬೇಕು. ಅಲ್ಲಿಯವರೆಗೆ ಬೇಲಿ ಭದ್ರವಾಗಿರಲಿ, ದನ ಮೇಯುವುದು ನಿಲ್ಲಲಿ.

ಘಟಕದ ನಕ್ಷೆ ಯಾರ ಬಳಿಯೂ ಇದ್ದಂತಿಲ್ಲ. ನನ್ನೊಂದಿಗೆ ದುಡಿದ ಕೆಲವರು ಇನ್ನೂ ಊರಿನಲ್ಲಿದ್ದಾರೆ. ಮಾದರಿ ತೆಗೆಯಲು ಬರುವ ಅಧಿಕಾರಿಗಳು ಕರೆದರೆ, ಸಿಲಿಂಡರ್ ಎಲ್ಲಿತ್ತು, ಔಷಧ ಕಲಸುವ ತೊಟ್ಟಿ ಎಲ್ಲಿತ್ತು, ಕಂಬ ಎಲ್ಲಿ ಒಣಗುತ್ತಿತ್ತು ಎಂದು ನಾವೇ ಬಂದು ಸುಣ್ಣದ ಗೆರೆ ಹಾಕಿ ತೋರಿಸುತ್ತೇವೆ.

– ನಿವೃತ್ತ ಕಾರ್ಮಿಕ, ಚಿಕ್ಕಮಗಳೂರು